ಪ್ರಾರ್ಥನೆಗೆ ಹೊತ್ತಾಯ್ತು

ಬೈಬಲ್ಲಿನಲ್ಲಿ 66 ಪುಸ್ತಕಗಳಿವೆ, ಒಟ್ಟು 1189 ಅಧ್ಯಾಯಗಳು. ವಾರದ ದಿನ ಮೂರು, ಭಾನುವಾರ ಐದು ಅಂತ ಓದಿಕೊಂಡು ಹೋದರೆ ವರ್ಷ ತುಂಬುವುದರೊಳಗೆ ಆದಿಕಾಂಡದಿಂದ ಪ್ರಕಟನೆಯವರೆಗೆ ಪೂರ್ತಿ ಮುಗಿದು, ಕೊನೆಗೆ ಎರಡು ಮೂರು ದಿನ ಮಿಕ್ಕುತ್ತದೆ ಕೂಡ. ಈ ಲೆಕ್ಕವನ್ನು ಸಂಡೇ ಸ್ಕೂಲಿನಲ್ಲಿ ಟೀಚರ್ ಬೋರ್ಡಿನ ಮೇಲೆ ಬರೆದು ತೋರಿಸಿದ್ದರು. ಗಣಿತದಲ್ಲಿ ಏನೂ ತಪ್ಪಿಲ್ಲ. ಆದರೆ ಅದು ಜ್ವರ ಬಾರದ, ನೆಂಟರು ಬಾರದ, ಗ್ಯಾಸ್ ಸಿಲಿಂಡರ್ ಮುಗಿಯದ ವರ್ಷದ ಗಣಿತ. ಅಂಥ ವರ್ಷ ನನ್ನ ಪಾಲಿಗೆ ಇನ್ನೂ ಬಂದಿಲ್ಲ.

ನಮ್ಮ ಸಭೆಯಲ್ಲಿ ಹೊಸ ವರ್ಷದ ಆರಾಧನೆ ಮುಗಿಯುತ್ತಲೇ ಓದುವ ಪಟ್ಟಿ ಹಂಚುತ್ತಾರೆ. ಎಲ್ಲರೂ ಎರಡು ಕೈಯಲ್ಲಿ ತೆಗೆದುಕೊಳ್ಳುತ್ತಾರೆ. ಜನವರಿ ಪೂರ್ತಿ ಉತ್ಸಾಹ. ಆದಿಕಾಂಡದಲ್ಲಿ ಅಣ್ಣತಮ್ಮಂದಿರ ಜಗಳ, ಹೆಣ್ಣು ಬದಲಾಯಿಸಿ ಮಾಡಿದ ಮದುವೆ, ಗುಂಡಿಗೆ ತಳ್ಳಿದ್ದು, ಬರಗಾಲ, ಒಂದಾದ ಮೇಲೊಂದು ಬರುತ್ತದೆ. ವಿಮೋಚನಕಾಂಡದಲ್ಲಿ ಸಮುದ್ರ ಇಬ್ಭಾಗವಾಗುವವರೆಗೆ ಮಕ್ಕಳೂ ಜೊತೆಗಿರುತ್ತಾರೆ. ಗಣರಾಜ್ಯೋತ್ಸವದ ಹೊತ್ತಿಗೆ ದೇವದರ್ಶನದ ಗುಡಾರದ ಅಳತೆಗಳು ಶುರುವಾಗುತ್ತವೆ: ಹಲಗೆ ಎಷ್ಟು ಮೊಳ, ಪರದೆಗೆ ಎಷ್ಟು ಕುಣಿಕೆ. ಅದನ್ನು ದಾಟಿದವರಿಗೆ ಯಾಜಕಕಾಂಡ. ಪಟ್ಟಿ ಅಲ್ಲಿಂದ ಮುಂದಕ್ಕೆ ಫ್ರಿಜ್ಜಿನ ಬಾಗಿಲ ಮೇಲೆ ಆಯಸ್ಕಾಂತದ ಕೆಳಗೆ ಸುಮ್ಮನೆ ಇರುತ್ತದೆ. ಯಾಜಕಕಾಂಡದ 14ನೆಯ ಅಧ್ಯಾಯದಲ್ಲಿ ಮನೆಗೋಡೆಗೆ ಹಿಡಿಯುವ ಬೂಷ್ಟಿನ ಬಗ್ಗೆ ವಿವರವಾದ ವಿಧಿಗಳಿವೆ. ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ ಇರುವವರಿಗೆ ಪ್ರಯೋಜನಕ್ಕೆ ಬರುವ ಅಧ್ಯಾಯ, ಆದರೆ ಅಲ್ಲಿಯವರೆಗೆ ಬಂದು ತಲುಪುವವರು ಕಡಿಮೆ.

ಇಂಥ ವಾರ್ಷಿಕ ಪಟ್ಟಿಗಳಲ್ಲಿ ಹೆಸರಾದದ್ದು ಸ್ಕಾಟ್ಲೆಂಡಿನ ಡಂಡೀ ಊರಿನ ಪಾದ್ರಿ ರಾಬರ್ಟ್ ಮರ್ರೆ ಮೆಕ್‌ಚೇನ್ 1842ರಲ್ಲಿ ತನ್ನ ಸಭೆಗೆ ಮಾಡಿಕೊಟ್ಟದ್ದು. ಅವನ ಪಟ್ಟಿಯ ಪ್ರಕಾರ ವರ್ಷದಲ್ಲಿ ಹಳೆಯ ಒಡಂಬಡಿಕೆ ಒಂದು ಸಲ, ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು ಎರಡು ಸಲ. ಇವತ್ತಿಗೂ ಅದನ್ನು ಹಿಡಿದು ಓದುವವರಿದ್ದಾರೆ. ನಾನು ಅವನ ಮೇಲಿನ ಗೌರವ ಕಡಿಮೆ ಮಾಡದೆಯೇ ಹೇಳಬಹುದಾದದ್ದು ಇಷ್ಟು: ಆತ ಮದುವೆಯಾಗಿರಲಿಲ್ಲ. ಬೆಳಗ್ಗೆ ಏಳೂಕಾಲಿಗೆ ಯಾರನ್ನೂ ಸ್ಕೂಲ್ ವ್ಯಾನಿಗೆ ಹತ್ತಿಸಬೇಕಾಗಿರಲಿಲ್ಲ. ಆದರೂ ಬುದ್ಧಿವಂತ. ಪಟ್ಟಿಯ ಜೊತೆಗೇ ಅದರ ಅಪಾಯಗಳನ್ನೂ ಬರೆದಿಟ್ಟ: ಓದು ಬರೀ ಶಾಸ್ತ್ರಕ್ಕಾಗಿ ಆಗಿಬಿಡಬಹುದು, ಓದಿದೆನೆಂಬ ಜಂಬ ಬರಬಹುದು, ಕೆಲವರಿಗೆ ಹೊರಲಾರದ ನೊಗವಾಗಬಹುದು ಎಂದು. ನಮ್ಮಲ್ಲಿ ಪಟ್ಟಿ ಹಂಚುವವರು ಆ ಭಾಗವನ್ನೂ ಅಚ್ಚು ಹಾಕಿಸಿದರೆ ಒಳ್ಳೆಯದಿತ್ತು.

ಪಟ್ಟಿ ಬಿಟ್ಟವರಿಗೆ ಜ್ಞಾನೋಕ್ತಿಗಳು ಇವೆ. ಅದರಲ್ಲಿ 31 ಅಧ್ಯಾಯ. ತಾರೀಖು ಎಷ್ಟೋ ಅಷ್ಟನೆಯ ಅಧ್ಯಾಯ ಓದಿದರಾಯಿತು. ಎಲ್ಲಿ ನಿಲ್ಲಿಸಿದೆ ಎಂದು ಹುಡುಕಬೇಕಿಲ್ಲ, ನಿನ್ನೆ ತಪ್ಪಿದ್ದಕ್ಕೆ ಇವತ್ತು ದಂಡ ತೆರಬೇಕಿಲ್ಲ. ಬಿಡುವಿಲ್ಲದ ಹೆಂಗಸರ ನಡುವೆ ಈ ಪದ್ಧತಿ ಬಹಳ ಇದೆ. ಇದರಲ್ಲಿ ನನಗೆ ಮೆಚ್ಚುಗೆಯಾದ ಇನ್ನೊಂದು ಸಂಗತಿ ಇದೆ. ಕೊನೆಯ ಅಧ್ಯಾಯ ಗುಣವತಿಯಾದ ಹೆಂಡತಿಯದು. ಆಕೆ ಇನ್ನೂ ಕತ್ತಲಿರುವಾಗಲೇ ಏಳುತ್ತಾಳೆ, ಮನೆಯವರಿಗೆಲ್ಲ ಉಣಬಡಿಸುತ್ತಾಳೆ, ಹೊಲ ಕೊಳ್ಳುತ್ತಾಳೆ, ನೂಲುತ್ತಾಳೆ, ರಾತ್ರಿಯೂ ಅವಳ ದೀಪ ಆರುವುದಿಲ್ಲ. ತಾರೀಖು 31 ವರ್ಷಕ್ಕೆ ಏಳೇ ಸಲ ಬರುತ್ತದೆ. ಸಾಕು.

ನಾನು ತುಮಕೂರಿನ ವೆಸ್ಲಿಯನ್ ಮನೆತನದವಳು. ಗಂಡನ ಮನೆಯವರು ಧಾರವಾಡದವರು, ಬಾಸೆಲ್ ಮಿಶನ್ನಿನ ಕಡೆಯವರು. 1837ರಲ್ಲೇ ತಮ್ಮ ಊರಿಗೆ ಮಿಶನರಿಗಳು ಬಂದರು ಎಂದು ನಮ್ಮತ್ತೆ ಹೇಳುವ ಧಾಟಿ ಕೇಳಿದರೆ, ಅವರನ್ನು ಊರ ಬಾಗಿಲಿನಿಂದ ಕರಕೊಂಡು ಬಂದು ಚಹಾ ಕೊಟ್ಟವರು ಇವರೇ ಇರಬೇಕು ಅನಿಸುತ್ತದೆ. ಈಗ ಎರಡು ಕಡೆಯವರೂ ಸಿಎಸ್‌ಐನವರೇ. 1947ರಲ್ಲಿ ಹುಟ್ಟಿದ ಆ ದಕ್ಷಿಣ ಭಾರತ ಸಭೆಯಲ್ಲಿ ಹಲವು ಮಿಶನ್ನುಗಳ ಜನ ಒಂದಾದರು. ನಮ್ಮ ಮನೆಯಲ್ಲಿ ಮಾತ್ರ ಒಂದೇ ಸಂಗೀತವನ್ನು ಯಾವ ರಾಗದಲ್ಲಿ ಹಾಡಬೇಕೆನ್ನುವ ವ್ಯಾಜ್ಯ ಇನ್ನೂ ಇತ್ಯರ್ಥವಾಗಿಲ್ಲ.

ಕುಟುಂಬ ಪ್ರಾರ್ಥನೆಯ ವಿಷಯದಲ್ಲಿ ಮಾತ್ರ ಎರಡೂ ಮನೆಯ ಪದ್ಧತಿ ಒಂದೇ. ಸಂಜೆ ದೀಪ ಹಚ್ಚಿದ ಮೇಲೆ ಚಾಪೆ ಹಾಸಿ ಎಲ್ಲರೂ ಕೂತುಕೊಳ್ಳುವುದು. ಒಂದು ಸಂಗೀತ, ಒಂದು ಅಧ್ಯಾಯ, ಪ್ರಾರ್ಥನೆ, ಕೊನೆಗೆ ಎಲ್ಲರೂ ಸೇರಿ ಕರ್ತನ ಪ್ರಾರ್ಥನೆ. ಅಧ್ಯಾಯವನ್ನು ಸರದಿಯ ಮೇಲೆ ಒಬ್ಬೊಬ್ಬರು ಒಂದೊಂದು ವಚನ ಓದಬೇಕು. ಚಿಕ್ಕವರಿದ್ದಾಗ ನಾವು ಮುಂದೆ ಎಷ್ಟು ಜನರಿದ್ದಾರೆ ಎಣಿಸಿ, ನಮ್ಮ ಪಾಲಿನ ವಚನ ಯಾವುದೆಂದು ಮೊದಲೇ ಹುಡುಕಿ, ಅದನ್ನೇ ಮನಸ್ಸಿನಲ್ಲಿ ಓದಿಕೊಳ್ಳುತ್ತಿದ್ದೆವು. ಆದ್ದರಿಂದ ಮಿಕ್ಕವರು ಓದಿದ್ದು ಒಂದೂ ಕಿವಿಗೆ ಬೀಳುತ್ತಿರಲಿಲ್ಲ. ಪೂರ್ವಕಾಲವೃತ್ತಾಂತದ ವಂಶಾವಳಿ ಬಂದ ದಿನ ಯಾರಿಗೆ ಯಾವ ಹೆಸರು ಸಿಗುತ್ತದೋ ಎಂದು ಎದೆ ಹೊಡೆದುಕೊಳ್ಳುತ್ತಿತ್ತು. 117ನೆಯ ಕೀರ್ತನೆ ಬಂದರೆ ಹಬ್ಬ. ಅದರಲ್ಲಿ ಎರಡೇ ವಚನ, ಅಮ್ಮ ಅಪ್ಪ ಓದಿದರೆ ಮುಗಿಯಿತು. ಎರಡು ದಿನ ಬಿಟ್ಟು 119 ಬರುತ್ತದೆ, 176 ವಚನ. ದೇವರ ನ್ಯಾಯದ ತಕ್ಕಡಿಯ ಪರಿಚಯ ನಮಗೆ ಆಗಲೇ ಆಯಿತು.

ಈ ಪದ್ಧತಿಯನ್ನು ಬೆಂಗಳೂರಿನ ಎರಡು ಕೋಣೆಯ ಫ್ಲಾಟಿಗೆ ತಂದಾಗ ಮೊದಲು ಸಿಕ್ಕಿಹಾಕಿಕೊಂಡದ್ದು ಸಂಜೆ. ಇಲ್ಲಿ ಸಂಜೆ ಎನ್ನುವುದೇ ಇಲ್ಲ. ನಾನು ಬ್ಯಾಂಕಿನಿಂದ ಬರುವಾಗ ಏಳು ದಾಟಿರುತ್ತದೆ, ಮಗಳು ಟ್ಯೂಷನ್ನಿನಿಂದ ಎಂಟಕ್ಕೆ, ಗಂಡ ಸಿಲ್ಕ್ ಬೋರ್ಡ್ ಜಂಕ್ಷನ್ ಬಿಟ್ಟುಕೊಟ್ಟಾಗ. ಹಾಗಾದರೆ ಬೆಳಗ್ಗೆ ಮಾಡೋಣ ಎಂದು ಐದೂವರೆಗೆ ಎಲ್ಲರನ್ನೂ ಎಬ್ಬಿಸಿ ಕೂರಿಸಿದೆವು. ಪ್ರಾರ್ಥನೆಗೆಂದು ಮುಚ್ಚಿದ ಕಣ್ಣುಗಳು ಆಮೆನ್ ಆದ ಮೇಲೂ ತೆರೆಯಲಿಲ್ಲ. ಆ ಏರ್ಪಾಟು ತಾನಾಗಿಯೇ ಬಿದ್ದುಹೋಯಿತು.

ದಾರಿ ಕಂಡುಹಿಡಿದವರು ಅತ್ತೆ. ಅವರದು ಸರಳ ಉಪಾಯ. ರಾತ್ರಿ ಊಟವಾದ ಮೇಲೆ ನಮ್ಮ ಮನೆಯಲ್ಲಿ ಬಾಳೆಹಣ್ಣು ತಿನ್ನುವ ರೂಢಿ ಇದೆ. ಅವರು ಬಾಳೆಹಣ್ಣಿನ ಬುಟ್ಟಿಯನ್ನು ಮೇಜಿನಿಂದ ಎತ್ತಿ ತಮ್ಮ ಕುರ್ಚಿಯ ಪಕ್ಕದಲ್ಲಿ, ಬೈಬಲ್ಲಿನ ಹಿಂದೆ ಇಟ್ಟುಕೊಂಡರು. ‘ಕೈ ತೊಳಕೊಂಡು ಬರ್ರಿ, ಪ್ರಾರ್ಥನಿ ಮುಗಿಸಿ ಹಣ್ಣ ತಿನ್ನೂಣು’ ಅಂದರು. ಊರಿನಿಂದ ಯಾರಾದರೂ ಬಂದಿದ್ದರೆ ಬುಟ್ಟಿಯಲ್ಲಿ ಧಾರವಾಡ ಪೇಡೆಯ ಡಬ್ಬಿ ಇರುತ್ತಿತ್ತು. ಆ ದಿನ ಹಾಜರಾತಿ ಪೂರ್ತಿ. ಕೈ ತೊಳೆಯಲು ಹೋದವರು ಹಾಗೇ ಟಿವಿ ಮುಂದೆ, ಲ್ಯಾಪ್‌ಟಾಪಿನ ಮುಂದೆ ಕರಗಿಹೋಗುವುದು ನಿಂತಿತು. ಇದು ಲಂಚ ಎಂದು ನನ್ನ ಗಂಡ ತಕರಾರು ತೆಗೆದರು. ‘ಐದು ರೊಟ್ಟಿ ಎರಡು ಮೀನು ಕೊಟ್ಟಿದ್ದು ಏನಪಾ ಹಂಗಾರ?’ ಎಂದು ಅತ್ತೆ ಬಾಯಿ ಮುಚ್ಚಿಸಿದರು.

ನನಗೆ ಆಮೇಲೆ ಹೊಳೆದದ್ದು, ಅತ್ತೆಯ ಉಪಾಯ ಮೋಶೆಯ ಕಾಲದ್ದೇ ಎಂದು. ಧರ್ಮೋಪದೇಶಕಾಂಡದ ಆರನೆಯ ಅಧ್ಯಾಯದಲ್ಲಿ ದೇವರ ಮಾತನ್ನು ಮಕ್ಕಳಿಗೆ ಯಾವಾಗ ಕಲಿಸಬೇಕೆಂದು ಮೋಶೆ ಹೇಳುತ್ತಾನೆ: ಮನೆಯಲ್ಲಿ ಕೂತಿರುವಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ. ಇದಕ್ಕೆಂದು ಬೇರೆ ಗಂಟೆ ಎತ್ತಿಡಿ ಎಂದು ಅಲ್ಲಿ ಹೇಳಿಲ್ಲ. ಹೇಗೂ ಮಾಡುವ ನಾಲ್ಕು ಕೆಲಸಗಳನ್ನು ಹೆಸರಿಸಿ, ಅವುಗಳ ಬೆನ್ನಿಗೆ ಇದನ್ನು ಕಟ್ಟಿದ್ದಾನೆ. ಅರಣ್ಯದಲ್ಲಿ ನಲವತ್ತು ವರ್ಷ ಗುಡಾರ ಕಿತ್ತು ಗುಡಾರ ಹೂಡಿದ ಜನರಿಗೆ ಬಿಡುವು ಎಲ್ಲಿತ್ತು?

ಹಿಂದಿನವರಿಗೆ ಬಿಡುವಿತ್ತು, ನಮಗಿಲ್ಲ ಎನ್ನುವ ಮಾತನ್ನು ನಾನು ಈಗ ನಂಬುವುದಿಲ್ಲ. ನಮ್ಮ ವೆಸ್ಲಿಯನ್ ಕಡೆಯ ಮೂಲಕ್ಕೆ ಹೋದರೆ ಅಲ್ಲಿ ಜಾನ್ ವೆಸ್ಲಿಯ ತಾಯಿ ಸೂಸನ್ನಾ ಇದ್ದಾಳೆ. ಹೆತ್ತದ್ದು 19, ಉಳಿದದ್ದು 10. ಗಂಡ ಪಾದ್ರಿ, ಮೈತುಂಬ ಸಾಲ. ಮಕ್ಕಳಿಗೆ ಪಾಠ ಹೇಳುವವಳೂ ಅವಳೇ. ಆಕೆ 1712ರಲ್ಲಿ ಗಂಡನಿಗೆ ಬರೆದ ಪತ್ರವೊಂದರಲ್ಲಿ ವಾರದ ಒಂದೊಂದು ರಾತ್ರಿ ಒಂದೊಂದು ಮಗುವಿನ ಜೊತೆ ಒಬ್ಬಳೇ ಕೂತು ಮಾತಾಡುತ್ತೇನೆ ಎಂದು ಹೇಳಿ, ಯಾರಿಗೆ ಯಾವ ವಾರ ಎಂದೂ ಬರೆದಿದ್ದಾಳೆ. ಜಾನನಿಗೆ ಗುರುವಾರ, ತಮ್ಮ ಚಾರ್ಲ್ಸ್‌ಗೆ ಶನಿವಾರ. ವಾರಗಳು ಸಾಲದೆ ಭಾನುವಾರ ಇಬ್ಬರು ಹೆಣ್ಣುಮಕ್ಕಳನ್ನು ಒಟ್ಟಿಗೆ ಕೂರಿಸಿಕೊಂಡಳು. ಇದನ್ನು ಓದಿದ ಮೇಲೆ ಎರಡೇ ಮಕ್ಕಳಿರುವ ನಾನು ಸಮಯವಿಲ್ಲ ಎನ್ನುವಾಗ ಸ್ವಲ್ಪ ಮೆತ್ತಗೆ ಹೇಳುತ್ತೇನೆ.

ಸಂಡೇ ಸ್ಕೂಲ್ ಹುಟ್ಟಿದ್ದೂ ಬಿಡುವಿಲ್ಲದವರಿಗಾಗಿಯೇ. ಇಂಗ್ಲೆಂಡಿನ ಗ್ಲಾಸ್ಟರಿನಲ್ಲಿ ರಾಬರ್ಟ್ ರೇಕ್ಸ್ 1780ರಲ್ಲಿ ಅದನ್ನು ತೆರೆದಾಗ ಬಂದ ಮಕ್ಕಳು ವಾರಪೂರ್ತಿ ದುಡಿಯುತ್ತಿದ್ದವರು. ಆ ಊರಲ್ಲಿ ಗುಂಡುಸೂಜಿ ಮಾಡುವ ಕಾರ್ಖಾನೆಗಳಿದ್ದವು. ಮಕ್ಕಳ ಕೈಗೆ ಬಿಡುವು ಸಿಗುತ್ತಿದ್ದದ್ದು ಭಾನುವಾರ ಒಂದೇ ದಿನ, ಆದ್ದರಿಂದ ಅಕ್ಷರವನ್ನೂ ಬೈಬಲ್ಲನ್ನೂ ಆ ಒಂದು ದಿನಕ್ಕೆ ತುರುಕಿದರು. ಇನ್ನು ನಾವು ಸರದಿಯ ಮೇಲೆ ಓದುವ ಆ ವಚನಗಳು ಮೊದಲಿನಿಂದಲೂ ಇದ್ದವಲ್ಲ. ಹೊಸ ಒಡಂಬಡಿಕೆಯನ್ನು ಈಗಿರುವಂತೆ ವಚನಗಳಾಗಿ ಒಡೆದು ನಂಬರು ಹಾಕಿದ್ದು ರಾಬರ್ಟ್ ಎಸ್ಟೀನ್ ಎಂಬ ಫ್ರೆಂಚ್ ಮುದ್ರಕ, 1551ರಲ್ಲಿ. ಆ ಕೆಲಸವನ್ನು ಅಪ್ಪ ಪ್ಯಾರಿಸ್ಸಿನಿಂದ ಲಿಯೋನಿಗೆ ಪ್ರಯಾಣ ಮಾಡುತ್ತ ಮಾಡಿದರು ಎಂದು ಅವನ ಮಗನೇ ಬರೆದಿದ್ದಾನೆ. ಕೆಲವು ಕಡೆ ವಾಕ್ಯದ ಅರ್ಧಕ್ಕೇ ನಂಬರು ಬಿದ್ದಿರುವುದು ಕುದುರೆ ಎಡವಿದ್ದರಿಂದ ಎಂದು ಪಂಡಿತರು ತಮಾಷೆ ಮಾಡುವುದುಂಟು. ನೇರಳೆ ಬಣ್ಣದ ಮೆಟ್ರೊದಲ್ಲಿ ಕಂಬಕ್ಕೆ ಒರಗಿ ನಿಂತು ಮೊಬೈಲಿನಲ್ಲಿ ಕೀರ್ತನೆ ಓದುವಾಗ ನಾನು ಎಸ್ಟೀನನನ್ನು ನೆನೆದುಕೊಳ್ಳುತ್ತೇನೆ. ಪಕ್ಕದಲ್ಲಿ ನಿಂತ ಹೆಂಗಸು ಲಲಿತಾ ಸಹಸ್ರನಾಮ ಹೇಳಿಕೊಳ್ಳುತ್ತಿರುತ್ತಾರೆ, ತುಟಿ ಮಾತ್ರ ಆಡುತ್ತಿರುತ್ತದೆ. ಮೆಜೆಸ್ಟಿಕ್ಕಿನಲ್ಲಿ ನೂಕುನುಗ್ಗಲು ಬಂದಾಗ ಇಬ್ಬರದೂ ನಿಲ್ಲುತ್ತದೆ, ಮುಂದಿನ ಸ್ಟೇಷನ್ನಿನಲ್ಲಿ ಇಬ್ಬರೂ ಮುಂದುವರಿಸುತ್ತೇವೆ.

ಅತ್ತೆಯ ಪ್ರಾರ್ಥನೆಗೆ ಬರುತ್ತೇನೆ. ಅದು ದೀರ್ಘ. ಮೊದಲು ಕೃತಜ್ಞತೆ, ಆಮೇಲೆ ರಾಜ್ಯವನ್ನಾಳುವವರು, ಆಮೇಲೆ ಮಳೆ, ಆಮೇಲೆ ಧಾರವಾಡ, ಹುಬ್ಬಳ್ಳಿ, ಗದಗ, ಬೆಟಗೇರಿಯ ಬಂಧುಗಳು ಊರವಾರು. ಯಾರಿಗೆ ಸಕ್ಕರೆ ಕಾಯಿಲೆ ಹೆಚ್ಚಾಯಿತು, ಯಾರ ಮಗಳಿಗೆ ಗಂಡು ನೋಡುತ್ತಿದ್ದಾರೆ, ಯಾರ ಜಮೀನಿನ ಕೇಸು ಎಲ್ಲಿಗೆ ಬಂತು ಎನ್ನುವುದು ನಮಗೆ ತಿಳಿಯುವುದೇ ಅವರು ಅದನ್ನು ದೇವರಿಗೆ ತಿಳಿಸುವಾಗ. ಮನೆಗೆಲಸಕ್ಕೆ ಬರುವ ಹೆಂಗಸಿನ ಮಗಳ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೂ ಅಲ್ಲಿ ಜಾಗವಿದೆ. ನಮ್ಮನ್ನು ನೇರವಾಗಿ ಬೈಯಲು ಮನಸ್ಸಿಲ್ಲದ ದಿನ ಅದೂ ಪ್ರಾರ್ಥನೆಯ ಮೂಲಕವೇ: ‘ಕರ್ತನೇ, ಈ ಮನ್ಯಾಗ ರಾತ್ರಿ ಹನ್ನೆರಡರ ತನಾ ಮೊಬೈಲ್ ನೋಡೋರಿಗೆ ಒಳ್ಳೇ ಬುದ್ಧಿ ಕೊಡು.’ ಕಣ್ಣು ಮುಚ್ಚಿರುವುದರಿಂದ ಯಾರೂ ಎದುರಾಡುವಂತಿಲ್ಲ. ಕೊನೆಗೆ ಎಲ್ಲರಿಗಿಂತ ಜೋರಾಗಿ ಆಮೆನ್ ಹೇಳುವವನು ನನ್ನ ಮಗ, ಬಾಳೆಹಣ್ಣಿನ ಕಡೆ ಕೈ ಚಾಚಿಕೊಂಡೇ.

ಈ ಹತ್ತು ಹದಿನೈದು ನಿಮಿಷದಲ್ಲಿ ಇನ್ನೊಂದು ಕೆಲಸವೂ ಆಗುತ್ತದೆ. ನಮ್ಮ ಮಕ್ಕಳು ಓದುವುದು ಇಂಗ್ಲಿಷ್ ಮೀಡಿಯಂ. ಶಾಲೆಯ ಕನ್ನಡ ಪುಸ್ತಕವನ್ನು ಪರೀಕ್ಷೆಯ ಹಿಂದಿನ ರಾತ್ರಿ ಮಾತ್ರ ಮುಟ್ಟುತ್ತಾರೆ. ಮಗಳು ತನ್ನ ಸರದಿ ಬಂದಾಗ ಮೊಬೈಲಿನಲ್ಲಿ ಇಂಗ್ಲಿಷ್ ಬೈಬಲ್ ತೆರೆಯಲು ಹೋದಳು. ಅತ್ತೆ ಒಪ್ಪಲಿಲ್ಲ. ಬಳ್ಳಾರಿಯಲ್ಲಿ ಕೂತು ಕನ್ನಡ ಕಲಿತು ಭಾಷಾಂತರ ಮಾಡಿದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ದುಡಿಮೆಯಿಂದ ಕನ್ನಡದಲ್ಲಿ ಪೂರ್ಣ ಬೈಬಲ್ 1831ರ ಹೊತ್ತಿಗೇ ಬಂದಿತ್ತು. ‘ಪರದೇಶದವರು ಓದಿ ಬರದಾರ, ನಿಮಗ ಓದಾಕ ಬರಂಗಿಲ್ಲಂದ್ರ ಹೆಂಗ?’ ಎನ್ನುವುದು ಅವರ ವಾದ. ಹಾಗಾಗಿ ಮಕ್ಕಳು ತಡವರಿಸಿಕೊಂಡು, ಒತ್ತಕ್ಷರದ ಮುಂದೆ ನಿಂತು ಹಿಂದೆ ನೋಡಿಕೊಂಡು ಓದುತ್ತಾರೆ. ಒಂದು ವಚನಕ್ಕೆ ಹಿಡಿಯುವ ಹೊತ್ತಿನಲ್ಲಿ ನನ್ನ ಗಂಡ ಒಂದು ಇಮೇಲಿಗೆ ಉತ್ತರ ಕೊಟ್ಟು ಮುಗಿಸಬಲ್ಲರು, ಅತ್ತೆಯ ಕಣ್ಣು ತಪ್ಪಿಸಿ. ಆದರೆ ಮಗ ಈಗ ಬಸ್ಸಿನ ಬೋರ್ಡು, ಅಂಗಡಿ ಬೋರ್ಡು, ಪತ್ರಿಕೆಯ ಕ್ರೀಡಾಪುಟ ಎಲ್ಲವನ್ನೂ ಓದುತ್ತಾನೆ. ಕನ್ನಡ ಕ್ರೈಸ್ತ ಮನೆಗಳಲ್ಲಿ ಮಕ್ಕಳ ಕನ್ನಡ ಉಳಿದಿದ್ದರೆ ಅದರ ದೊಡ್ಡ ಪಾಲು ಈ ಸರದಿಯ ವಚನಕ್ಕೆ ಸೇರಬೇಕು.

ತುಮಕೂರಿನ ನಮ್ಮ ಮನೆಯ ಸಂಜೆಯ ಪ್ರಾರ್ಥನೆಯಲ್ಲಿ ನನ್ನ ಅಪ್ಪ ಇರುತ್ತಿದ್ದದ್ದು ಅಪರೂಪ. ಅವರು ಕೆಎಸ್‌ಆರ್‌ಟಿಸಿಯಲ್ಲಿ ಕಂಡಕ್ಟರಾಗಿದ್ದರು. ಬಸ್ಸುಗಳು ಭಾನುವಾರ ನಿಲ್ಲುವುದಿಲ್ಲ. ಅವರಿಗೆ ವೀಕ್ಲಿ ಆಫ್ ಬರುತ್ತಿದ್ದದ್ದು ಬುಧವಾರ. ಅವತ್ತು ಬಿಳಿ ಷರಟು ತೊಟ್ಟು, ಬೈಬಲ್ ಹಿಡಿದು, ಬೀಗ ಹಾಕಿದ ಚರ್ಚಿನ ಜಗಲಿಯ ಮೇಲೆ ಸ್ವಲ್ಪ ಹೊತ್ತು ಕೂತು ಬರುತ್ತಿದ್ದರು. ಈ ದೇಶದ ಕಾರ್ಮಿಕರಿಗೆ ಭಾನುವಾರದ ರಜೆ ಕೊಡಿಸಿದ್ದು ಚರ್ಚು ಎಂದು ತುಂಬ ಜನ ತಿಳಿದಿದ್ದಾರೆ. ಆದರೆ 1890ರಲ್ಲಿ ಬೊಂಬಾಯಿಯ ಗಿರಣಿ ಕೆಲಸಗಾರರಿಗೆ ಅದನ್ನು ಹೋರಾಡಿ ತಂದವರು ಜೋತಿಬಾ ಫುಲೆಯವರ ಸಂಗಾತಿ ನಾರಾಯಣ ಮೇಘಾಜಿ ಲೋಖಂಡೆ. ಅಪ್ಪನ ಇಲಾಖೆಯಂಥ ಕಡೆ ಅದು ತಲುಪುವಂತಿರಲಿಲ್ಲ, ಯಾಕೆಂದರೆ ಲೋಖಂಡೆಯವರ ಗಿರಣಿ ಕೆಲಸಗಾರರಿಗೆ ರಜೆಯ ದಿನ ಊರಿಗೆ ಹೋಗಲು ಬಸ್ಸು ಬೇಕಲ್ಲ!

ಅಪ್ಪನ ಚರ್ಮದ ಬ್ಯಾಗಿನಲ್ಲಿ ಚಿಲ್ಲರೆ, ಟಿಕೆಟ್ಟಿನ ಕಟ್ಟುಗಳ ಜೊತೆ ಗಿಡಿಯನ್ಸ್‌ನವರು ಕೊಡುವ ಅಂಗೈಯಗಲದ ಹೊಸ ಒಡಂಬಡಿಕೆ ಇರುತ್ತಿತ್ತು. ಗುರುತಿಗೆ ಹಳೆ ಟಿಕೆಟ್ಟು. ನೈಟ್ ಹಾಲ್ಟ್ ಡ್ಯೂಟಿ ಬಿದ್ದಾಗ ಯಾವುದೋ ಹಳ್ಳಿಯ ಕೊನೆಯ ಸ್ಟಾಪಿನಲ್ಲಿ ಬಸ್ಸು ನಿಲ್ಲಿಸಿ, ಡ್ರೈವರೂ ಇವರೂ ಬಸ್ಸಿನೊಳಗೇ ಮಲಗಬೇಕು. ಮಲಗುವ ಮೊದಲು ಅಪ್ಪ ಓದಿಕೊಳ್ಳುತ್ತಿದ್ದರು. ಡ್ರೈವರಿಗೆ ಕುತೂಹಲ, ‘ಗಟ್ಟಿಯಾಗೇ ಓದಪ್ಪ, ನಿದ್ದೆ ಬರೋಗಂಟ ನಾನೂ ಕೇಳ್ತೀನಿ’ ಅಂದರಂತೆ. ಅವರಿಗೆ ತಪ್ಪಿಹೋದ ಮಗನ ಕಥೆ ಎಂದರೆ ಬಲು ಇಷ್ಟ. ಆದರೆ ಪಾದ್ರಿಗಳು ಹೇಳುವ ಹಾಗೆ ಚಿಕ್ಕ ಮಗ ತಿರುಗಿ ಬಂದದ್ದರ ಬಗ್ಗೆ ಅವರಿಗೆ ಆಸಕ್ತಿಯಿಲ್ಲ. ‘ದೊಡ್ಡ ಮಗ ಕೇಳಿದ್ರಲ್ಲಿ ನ್ಯಾಯ ಐತೆ ಕಣಪ್ಪ. ದುಡಿದೋನು ಅವ್ನು. ಒಂದು ಮರಿ ಕುಯ್ದು ಹಾಕಿದ್ರೆ ಏನಾಗೋದು?’ ಎಂದು ರಾತ್ರಿಯೆಲ್ಲ ವಾದ ಮಾಡುತ್ತಿದ್ದರಂತೆ. ಅವರದು ಮನೆಯಲ್ಲಿ ಹಿರಿಯ ಮಗನ ಪಾಲು, ಜಮೀನು ತಮ್ಮಂದಿರಿಗೆ ಹೋಗಿತ್ತು. ಅಪ್ಪನಿಗೆ ಉತ್ತರ ಹೇಳಲು ಬರದೆ ಬುಧವಾರ ಸಭಾಪಾಲಕರ ಮನೆಗೆ ಹೋಗಿ ಕೇಳಿಕೊಂಡು ಬಂದು, ಮುಂದಿನ ನೈಟ್ ಹಾಲ್ಟಿನಲ್ಲಿ ಹೇಳುತ್ತಿದ್ದರು. ನಾನು ಆಮೇಲೆ ಎಷ್ಟೋ ಬೈಬಲ್ ಅಧ್ಯಯನ ಕೂಟಗಳಲ್ಲಿ ಕೂತಿದ್ದೇನೆ, ಪ್ರಶ್ನೆಪತ್ರಿಕೆ, ಪ್ರೊಜೆಕ್ಟರು ಎಲ್ಲ ಇದ್ದವುಗಳಲ್ಲಿ. ಆ ನೈಟ್ ಹಾಲ್ಟ್ ಬಸ್ಸಿನ ಕೂಟಕ್ಕೆ ಸಮನಾದದ್ದು ಕಂಡಿಲ್ಲ. ಅಲ್ಲಿದ್ದ ಇಬ್ಬರಲ್ಲಿ ಒಬ್ಬರು ಕ್ರೈಸ್ತರೇ ಆಗಿರಲಿಲ್ಲ, ಆದರೆ ಇಬ್ಬರಿಗೂ ಉತ್ತರ ಬೇಕಾಗಿತ್ತು.

ಭಾನುವಾರದ ಬಗ್ಗೆ ಹೇಳುವುದಾದರೆ ಅದು ಶನಿವಾರ ಸಂಜೆಯೇ ಶುರು. ಇಸ್ತ್ರಿ, ಸಂಡೇ ಸ್ಕೂಲಿನ ಬಾಯಿಪಾಠದ ವಚನ, ಕಾಣಿಕೆಗೆ ಹತ್ತರ ನೋಟು ಹುಡುಕುವುದು. ಕಾಣಿಕೆಗೂ ಈಗ ಕ್ಯೂಆರ್ ಕೋಡು ಬಂದಿದೆ, ಆದರೆ ಚೀಲ ಮುಂದೆ ಬಂದಾಗ ಬರಿಗೈಯಲ್ಲಿ ಕೂರಲು ನಮ್ಮ ತಲೆಮಾರಿನವರಿಗೆ ಆಗುವುದಿಲ್ಲ. ಬೆಳಗ್ಗೆ ಆರೂವರೆಗೇ ನನ್ನ ಗಂಡ ಮಟನ್ ಅಂಗಡಿಯ ಸಾಲಿನಲ್ಲಿ ನಿಂತಿರುತ್ತಾರೆ. ಚರ್ಚಿಗೆ ಹೋಗುವ ಮೊದಲು ಮಸಾಲೆ ಹಚ್ಚಿಟ್ಟರೆ ಬರುವ ಹೊತ್ತಿಗೆ ಹದವಾಗಿರುತ್ತದೆ. ಬೆಂಗಳೂರಿನ ಚರ್ಚಿನ ಸಾಲುಗಳಲ್ಲಿ ಎರಡನೆಯ ಪಾಠ ಓದುವ ಹೊತ್ತಿಗೆ ಎಷ್ಟು ಜನರ ಮನಸ್ಸು ಫ್ರಿಜ್ಜಿನೊಳಗಿನ ಆ ಪಾತ್ರೆಯ ಮೇಲಿರುತ್ತದೆ ಎನ್ನುವುದು ದೇವರಿಗೆ ಗೊತ್ತು. ಭಾನುವಾರ ಮೆಟ್ರೊ ಶುರುವಾಗುವುದೇ ತಡ. ಕಬ್ಬನ್ ಪಾರ್ಕಿನ ಸುತ್ತ ಓಟದ ಸ್ಪರ್ಧೆ ಇಟ್ಟ ದಿನ ರಸ್ತೆಗಳೆಲ್ಲ ಬಂದ್, ಆಟೊದವನು ಹಡ್ಸನ್ ಸರ್ಕಲ್ಲಿಗೆ ಬರುವುದಿಲ್ಲ ಎನ್ನುತ್ತಾನೆ. ಜೊತೆಗೆ ಪರೀಕ್ಷೆಗಳು: ನೇಮಕಾತಿ, ಪ್ರವೇಶ, ಒಲಿಂಪಿಯಾಡ್, ಎಲ್ಲವನ್ನೂ ಭಾನುವಾರಕ್ಕೇ ಇಡುತ್ತಾರೆ. ಇಷ್ಟೆಲ್ಲ ದಾಟಿ ಬಂದು ಬೆಂಚಿನ ಮೇಲೆ ಕೂತ ನನ್ನ ಗಂಡನಿಗೆ ಪ್ರಸಂಗದ ಮೂರನೆಯ ನಿಮಿಷಕ್ಕೆ ಕತ್ತು ವಾಲುತ್ತದೆ. ನಾನು ತಿವಿಯುವುದಿಲ್ಲ. ತ್ರೋವದಲ್ಲಿ ಪೌಲನೇ ಪ್ರಸಂಗ ಮಾಡುತ್ತಿದ್ದಾಗ ಯೂತಿಕನೆಂಬ ಹುಡುಗ ಕಿಟಕಿಯಲ್ಲಿ ಕೂತು ನಿದ್ದೆಹೋಗಿ ಮೂರನೆಯ ಅಂತಸ್ತಿನಿಂದ ಬಿದ್ದ. ಇವರು ನೆಲಮಹಡಿಯಲ್ಲಿದ್ದಾರೆ.

ಫೋನು ಈ ಎಲ್ಲದರೊಳಗೆ ಹೇಗೆ ಸೇರಿತೋ ತಿಳಿಯಲೇ ಇಲ್ಲ. 2020ರ ಲಾಕ್‌ಡೌನಿನಲ್ಲಿ ಆರಾಧನೆ ಟಿವಿ ಪರದೆಗೆ ಬಂತು. ನಾವೆಲ್ಲ ಮನೆಯ ಬಟ್ಟೆಯಲ್ಲೇ ಸೋಫಾದ ಮೇಲೆ. ಅತ್ತೆ ಮಾತ್ರ ಇಳಕಲ್ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು, ಸುವಾರ್ತೆ ಓದುವಾಗ ಟಿವಿಯ ಮುಂದೆ ಎದ್ದು ನಿಲ್ಲುತ್ತಿದ್ದರು. ಅವರು ನಿಂತಮೇಲೆ ನಾವು ಕೂರುವಂತಿಲ್ಲ. ಪರದೆಯ ಮೇಲಿನ ಆರಾಧನೆ ಆಮೇಲೂ ಉಳಿಯಿತು. ನರ್ಸ್ ಆಗಿರುವ ನನ್ನ ತಂಗಿಗೆ ಅದು ಆಧಾರ. ನೈಟ್ ಡ್ಯೂಟಿ ಮುಗಿಸಿ ಭಾನುವಾರ ಬೆಳಗ್ಗೆ ಮನೆಗೆ ಬಂದು, ಕಾಲು ನೀಡಿ ಮಲಗಿಕೊಂಡೇ ಪ್ರಸಂಗ ಕೇಳುತ್ತಾಳೆ. ಹಾಸಿಗೆ ಹಿಡಿದ ಮುದುಕರಿಗೂ ಅದು ಬೇಕು. ಕೈಕಾಲು ಗಟ್ಟಿಯಿದ್ದು, ಹತ್ತು ನಿಮಿಷ ನಡೆದರೆ ಚರ್ಚು ಸಿಗುವವರು ದೋಸೆ ಮಗುಚುತ್ತ ಒಂದೂವರೆ ಪಟ್ಟು ವೇಗದಲ್ಲಿ ಆರಾಧನೆ ನೋಡುವುದನ್ನು ನಾನು ಒಪ್ಪುವುದಿಲ್ಲ. ಹಾಗೆಯೇ 2008ರಲ್ಲಿ ಬಂದ ಯೂವರ್ಷನ್ ಬೈಬಲ್ ಆ್ಯಪ್. ಅದು ನೀವು ಎಷ್ಟು ದಿನ ಬಿಡದೆ ತೆರೆದಿರಿ ಎಂದು ಎಣಿಸಿ ತೋರಿಸುತ್ತದೆ. ನನ್ನ ಮಗಳು ಅದರ ಎಣಿಕೆ ಮುರಿಯಬಾರದೆಂದು ರಾತ್ರಿ ಹನ್ನೆರಡಕ್ಕೆ ಐದು ನಿಮಿಷ ಇರುವಾಗ ತೆರೆದು ಮುಚ್ಚುತ್ತಾಳೆ. ಓದಿದೆಯಾ ಅಂದರೆ ‘ಓಪನ್ ಮಾಡಿದೆ’ ಅನ್ನುತ್ತಾಳೆ. ಮೆಕ್‌ಚೇನ್ ಹೆದರಿದ್ದು ಇದಕ್ಕೇ. ಬೆಳಗಾಗೆದ್ದು ಹೂವಿನ ಚಿತ್ರದ ಮೇಲೆ ವಚನ ಬರೆದು ವಾಟ್ಸ್ಆ್ಯಪ್ಪಿನಲ್ಲಿ ಎಲ್ಲರಿಗೂ ಕಳಿಸುವುದನ್ನಂತೂ ನಾನು ಬೈಬಲ್ ಓದಿನ ಲೆಕ್ಕಕ್ಕೇ ಹಿಡಿಯುವುದಿಲ್ಲ, ಕಳಿಸುವವರಲ್ಲಿ ನನ್ನ ಸ್ವಂತ ಚಿಕ್ಕಪ್ಪ ಇದ್ದರೂ.

ಉಳಿದದ್ದು ಕಾಟೇಜ್ ಪ್ರಾರ್ಥನೆ. ಬಡಾವಣೆಯ ಸಭೆಯವರು ಶುಕ್ರವಾರ ಒಬ್ಬೊಬ್ಬರ ಮನೆಯಲ್ಲಿ ಸೇರುವುದು. ವಾರದ ನಡುವೆ ಬೈಬಲ್ಲನ್ನು ಸ್ವಲ್ಪ ನಿಧಾನವಾಗಿ, ಪ್ರಶ್ನೆ ಕೇಳುತ್ತ ಓದಲು ಸಿಗುವ ಸಮಯ ಇದೊಂದೇ. ಅದನ್ನು ಕೊಲ್ಲುತ್ತಿರುವುದು ಟ್ರಾಫಿಕ್ ಎಂದು ಎಲ್ಲರೂ ಹೇಳುತ್ತಾರೆ. ನನ್ನ ಪ್ರಕಾರ ಕೊಲ್ಲುತ್ತಿರುವುದು ತಿಂಡಿ. ಮೊದಲು ಕಾಫಿ ಇತ್ತು. ಯಾರೋ ಕಾಫಿಯ ಜೊತೆ ಖಾರಾಬೂಂದಿ ಕೊಟ್ಟರು. ಮುಂದಿನ ವಾರದವರು ಚೌಚೌಬಾತ್ ಮಾಡಿದರು. ಅದರ ಮುಂದಿನವರು ಪರೋಟ ಸಾಗು ತರಿಸಿದರು. ಈಗ ಮನೆಯಲ್ಲಿ ಪ್ರಾರ್ಥನೆ ಇಟ್ಟುಕೊಳ್ಳಿ ಅಂದರೆ ಹೆಂಗಸರು ಕ್ಯಾಲೆಂಡರ್ ನೋಡಿ ರಜೆ ಹಾಕಬೇಕೋ ಎಂದು ಯೋಚಿಸುತ್ತಾರೆ. ಆಫೀಸಿನಿಂದ ಓಡಿಬಂದು ಇಪ್ಪತ್ತು ಜನರಿಗೆ ಉಪ್ಪಿಟ್ಟು ಕೆದಕಿದ ಹೆಂಗಸಿಗೆ ಪ್ರಾರ್ಥನೆಯಲ್ಲಿ ಕೇಳಿಸುವುದು ಅಡುಗೆಮನೆಯ ಕುಕ್ಕರ್ ಒಂದೇ. ಏಳೂವರೆಗೆ ಅಂದದ್ದು ಎಂಟೂಕಾಲಿಗೆ ಶುರುವಾಗಿ, ಸಾಕ್ಷಿ ಹೇಳುವವರೆಲ್ಲ ಹೇಳಿ, ತಿಂಡಿ ಮುಗಿಸಿ ಹೊರಡುವಾಗ ಹತ್ತೂವರೆ. ಮಕ್ಕಳಿರುವ ಮನೆಯವರು ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ಅವರಿಗೆ ಭಕ್ತಿ ಕಡಿಮೆಯಾಯಿತು ಎಂದು ಹಿರಿಯರು ಭಾನುವಾರ ಪ್ರಕಟಣೆಯ ಹೊತ್ತಿನಲ್ಲಿ ನೊಂದುಕೊಂಡರು. ಆ ಪ್ರಕಟಣೆಯೂ ಇಪ್ಪತ್ತು ನಿಮಿಷ.

ಸಭಾಪಾಲಕರಿಗೂ ಹಿರಿಯರಿಗೂ ನನ್ನ ವಿನಂತಿ ಇಷ್ಟು. ಭಾನುವಾರ ಡ್ಯೂಟಿ ಇರುವ ನರ್ಸುಗಳು, ಕಂಡಕ್ಟರುಗಳು, ಪೊಲೀಸಿನವರು ಪ್ರತಿ ಸಭೆಯಲ್ಲೂ ಇದ್ದಾರೆ; ಅವರಿಗಾಗಿ ವಾರದ ನಡುವಿನ ಒಂದು ಸಂಜೆ ಚರ್ಚಿನ ಬಾಗಿಲು ತೆರೆದು ಚಿಕ್ಕದೊಂದು ಆರಾಧನೆ ನಡೆಸಿ, ಹತ್ತೇ ಜನ ಬಂದರೂ ಸರಿ. ಪ್ರಕಟಣೆಗಳನ್ನು ಬರೆದು ಬಾಗಿಲಿಗೆ ಅಂಟಿಸಿ. ಬಡಾವಣೆಯ ಪ್ರಾರ್ಥನೆಯನ್ನು ಹೇಳಿದ ಹೊತ್ತಿಗೆ ಶುರುಮಾಡಿ, ಒಂದು ಗಂಟೆಗೆ ಮುಗಿಸಿ. ಮುಂದಿನ ಸರದಿ ನಮ್ಮ ಮನೆಯದು, ಶುಕ್ರವಾರ ಏಳೂವರೆಗೆ. ಬಾಳೆಹಣ್ಣು ಮಾತ್ರ ಇರುತ್ತದೆ, ಅದೂ ಆಮೆನ್ ಆದ ಮೇಲೆ. ಊಟ ಮಾಡಿಕೊಂಡೇ ಬನ್ನಿ.